ಮಗುವಿನ ವರ್ತನೆಯ ತೊಂದರೆಗೆ ಸರಿಯಾದ ಡಯಾಗ್ನೋಸಿಸ್: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಿಂದ ದೂರು ಬರುತ್ತಿದೆ, ಮನೆಯಲ್ಲಿ ದಿನಾ ರಂಪ, ಯಾರಿಗೆ ತೋರಿಸಬೇಕೋ ತಿಳಿಯುತ್ತಿಲ್ಲ ಎನ್ನುವವರಿಗಾಗಿ ಈ ಪುಟ. ಹೆಚ್ಚಾಗಿ ಕರ್ನಾಟಕದಲ್ಲಿರುವ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ನಾನು ವೈದ್ಯಳಲ್ಲ. ಇದು ವೈದ್ಯರ ಬಳಿ ಹೋಗುವ ಮುಂಚೆ, ಹೋಗಿಬಂದ ಮೇಲೆ ಓದಿಕೊಳ್ಳಲಿಕ್ಕೆ. ಇದನ್ನು ಓದಿ ಮನೆಯಲ್ಲೇ ಮಗುವಿಗೆ ಕಾಯಿಲೆಯ ಹೆಸರಿಡುವುದು, ಅಂದರೆ ಡಯಾಗ್ನೋಸಿಸ್ ಮಾಡುವುದು ಬೇಡ.

ನಮ್ಮ ಮಗ ಬರೀ ತುಂಟನೋ, ನಿಜವಾಗಿಯೂ ಏನೋ ತೊಂದರೆ ಇದೆಯೋ? ಹೇಗೆ ಗೊತ್ತಾಗುತ್ತದೆ?

ಮೂರು ವಿಷಯ ನೋಡಿ. ಎಷ್ಟು ದಿನದಿಂದ ನಡೆಯುತ್ತಿದೆ, ಎಲ್ಲೆಲ್ಲಿ ನಡೆಯುತ್ತಿದೆ, ಅದರಿಂದ ಏನು ಕೆಡುತ್ತಿದೆ. ತಂಗಿ ಹುಟ್ಟಿದ ಹೊಸದರಲ್ಲಿ ಒಂದೆರಡು ತಿಂಗಳು ಹಠ ಮಾಡಿದ, ಆಮೇಲೆ ಸರಿಹೋದ ಎಂದರೆ ಅದು ಬೇರೆ. ಆರು ತಿಂಗಳಿಂದ ಮನೆಯಲ್ಲೂ ಹಾಗೇ, ಶಾಲೆಯಲ್ಲೂ ಹಾಗೇ, ಅಜ್ಜಿ ಮನೆಗೆ ಹೋದರೂ ಹಾಗೇ, ಜೊತೆಯ ಮಕ್ಕಳು ಆಟಕ್ಕೆ ಸೇರಿಸುತ್ತಿಲ್ಲ, ನಿದ್ದೆ ಸರಿಯಿಲ್ಲ ಎಂದರೆ ತೋರಿಸಬೇಕು. ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮೂರು ವರ್ಷದ ಮಗು ಅಂಗಡಿಯಲ್ಲಿ ನೆಲಕ್ಕೆ ಬಿದ್ದು ಹೊರಳಾಡಿದರೆ ಅದು ಆ ವಯಸ್ಸಿನ ಗುಣ. ಎಂಟು ವರ್ಷದವನು ದಿನಾ ಒಂದು ಗಂಟೆ ಹಾಗೆ ಮಾಡಿದರೆ ಅಲ್ಲ.

ಕೆಲವು ವಿಷಯಗಳಲ್ಲಿ ಮಾತ್ರ ಕಾದು ನೋಡೋಣ ಎನ್ನುವ ಮಾತೇ ಬೇಡ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿರುವುದು, ಎರಡು ವರ್ಷಕ್ಕೂ ಎರಡು ಪದ ಕೂಡಿಸಿ ಹೇಳದಿರುವುದು, ಮತ್ತು ಯಾವ ವಯಸ್ಸಿನಲ್ಲೇ ಆಗಲಿ, ಬಂದಿದ್ದ ಮಾತು ಅಥವಾ ಕಲಿತಿದ್ದ ಕೆಲಸ ಬಿಟ್ಟುಹೋಗುವುದು. ಇವುಗಳಲ್ಲಿ ಯಾವುದಿದ್ದರೂ ಈ ವಾರವೇ ಮಕ್ಕಳ ಡಾಕ್ಟರಿಗೆ ತೋರಿಸಿ.

"ಅವರಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ, ದೊಡ್ಡವನಾದ ಮೇಲೆ ಸರಿಹೋದ" ಅಂತ ಅತ್ತೆ ಹೇಳುತ್ತಾರೆ. ಕಾಯಬಹುದಾ?

ಅತ್ತೆ ಹೇಳಿದ್ದನ್ನು ತಳ್ಳಿಹಾಕಬೇಡಿ, ಡಾಕ್ಟರಿಗೂ ಹೇಳಿ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಕೂತಲ್ಲಿ ಕೂರಲಾಗದಿರುವುದು), ಆಟಿಸಂ (ಬೇರೆಯವರ ಜೊತೆ ಬೆರೆಯುವ, ಮಾತು-ಸನ್ನೆಯಲ್ಲಿ ತಿಳಿಸುವ ಬೆಳವಣಿಗೆ ಬೇರೆಯಾಗಿರುವುದು), ಕಲಿಕೆಯ ತೊಂದರೆ ಇವೆಲ್ಲ ವಂಶದಲ್ಲಿ ಹರಿದುಬರುವ ಸಾಧ್ಯತೆ ಬಹಳ. ಅಪ್ಪ ಹೀಗೇ ಇದ್ದ ಎನ್ನುವುದು ತೊಂದರೆ ಇಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ಎಷ್ಟೋ ಸಲ ಅದು ಉಲ್ಟಾ ಸಾಕ್ಷಿ. ಮಗನ ತಪಾಸಣೆಗೆ ಬಂದ ಅಪ್ಪಂದಿರು, ಡಾಕ್ಟರು ಕೇಳುವ ಪ್ರಶ್ನೆಗಳನ್ನು ಕೇಳುತ್ತಾ ಕೇಳುತ್ತಾ ತಮ್ಮನ್ನೇ ಗುರುತಿಸಿಕೊಳ್ಳುವುದು ಅಪರೂಪವಲ್ಲ.

"ಗಂಡುಮಕ್ಕಳಿಗೆ ಮಾತು ತಡ" ಎನ್ನುವುದೂ ಇದೇ ಜಾತಿಗೆ ಸೇರಿದ್ದು. ಗಂಡುಮಕ್ಕಳು ಸ್ವಲ್ಪ ತಡ ಮಾಡುವುದುಂಟು, ಆದರೆ ವರ್ಷಗಟ್ಟಲೆ ಅಲ್ಲ.

ಶಾಲೆಯಲ್ಲಿ ಮಿಸ್ "ನಿಮ್ಮ ಮಗನಿಗೆ ಎಡಿಎಚ್‌ಡಿ ಇದೆ, ಮಾತ್ರೆ ಕೊಡಿಸಿ" ಅಂದುಬಿಟ್ಟರು. ಇದು ಸರಿಯಾ?

ಅವರು ನೋಡಿದ್ದು ಸರಿ ಇರಬಹುದು. ಇಟ್ಟ ಹೆಸರು ಸರಿ ಇರಲೇಬೇಕೆಂದಿಲ್ಲ. ನಲವತ್ತು ಮಕ್ಕಳನ್ನು ಒಟ್ಟಿಗೆ ನೋಡುವ ಟೀಚರಿಗೆ ಯಾವ ಮಗು ಉಳಿದವರಿಗಿಂತ ಬೇರೆ ಎನ್ನುವುದು ನಮಗಿಂತ ಬೇಗ ಕಾಣುತ್ತದೆ. ಆದರೆ ಕ್ಲಾಸಿನಲ್ಲಿ ಎದ್ದೆದ್ದು ಓಡುವ ಹುಡುಗನಿಗೆ ಬೋರ್ಡಿನ ಮೇಲಿನ ಅಕ್ಷರ ಕಾಣದಿರಬಹುದು, ಕಿವಿ ಕೇಳದಿರಬಹುದು, ಓದಲು ಬಾರದೆ ಅವಮಾನವಾಗುತ್ತಿರಬಹುದು, ರಾತ್ರಿ ನಿದ್ದೆಯೇ ಇಲ್ಲದಿರಬಹುದು, ಮನೆಯಲ್ಲಿ ಜಗಳವಿರಬಹುದು. ಹೊರಗಿನಿಂದ ಎಲ್ಲವೂ ಒಂದೇ ತರಹ ಕಾಣುತ್ತವೆ.

ಹಾಗಾಗಿ ಜಗಳ ಬೇಡ. ಮಿಸ್ ಬಳಿ ಹೆಸರಿನ ಬದಲು ವಿವರ ಕೇಳಿ: ಯಾವ ಪೀರಿಯಡ್‌ನಲ್ಲಿ ಹೆಚ್ಚು, ಯಾರ ಪಕ್ಕ ಕೂತಾಗ, ಬರೆಯುವ ಕೆಲಸ ಕೊಟ್ಟಾಗಲೋ ಸುಮ್ಮನೆ ಕೇಳಿಸಿಕೊಳ್ಳುವಾಗಲೋ, ಆಟದ ಪೀರಿಯಡ್‌ನಲ್ಲಿ ಹೇಗಿರುತ್ತಾನೆ. ಅದನ್ನೇ ಅರ್ಧ ಪುಟ ಬರೆದುಕೊಡಲು ವಿನಂತಿಸಿ. ಬಹಳಷ್ಟು ಟೀಚರ್‌ಗಳು ಕೇಳಿದರೆ ಬರೆದುಕೊಡುತ್ತಾರೆ, ಕೇಳುವವರೇ ಕಡಿಮೆ.

ಮೊದಲು ಯಾರಿಗೆ ತೋರಿಸಬೇಕು? ಮಕ್ಕಳ ಡಾಕ್ಟರಾ, ಮನೋವೈದ್ಯರಾ, ಕೌನ್ಸೆಲರಾ?

ಮಕ್ಕಳ ಡಾಕ್ಟರಿಂದ ಶುರು ಮಾಡಿ. ದೇಹದ ಕಾರಣಗಳನ್ನು ಮೊದಲು ಪಕ್ಕಕ್ಕೆ ಸರಿಸಬೇಕು. ಆಮೇಲೆ ಮಕ್ಕಳ ಮನೋವೈದ್ಯರು ಅಥವಾ ಮಕ್ಕಳ ಬೆಳವಣಿಗೆಯಲ್ಲಿ ಪರಿಣತಿ ಪಡೆದ ವೈದ್ಯರು. ಮಕ್ಕಳ ಮನೋವೈದ್ಯರು ಸಿಗದ ಊರಲ್ಲಿ ಸಾಮಾನ್ಯ ಮನೋವೈದ್ಯರೂ ನೋಡುತ್ತಾರೆ.

ಬುದ್ಧಿ, ವರ್ತನೆ ಅಳೆಯುವ ಪರೀಕ್ಷೆಗಳನ್ನು ಮಾಡುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿರಬೇಕು. 1992ರ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ, ವರದಿಯ ಕೆಳಗೆ ಸಹಿಯ ಜೊತೆ ಅದು ಇರಲೇಬೇಕು. "ಚೈಲ್ಡ್ ಸೈಕಾಲಜಿ ಎಕ್ಸ್‌ಪರ್ಟ್" ಎಂದು ಬೋರ್ಡ್ ಹಾಕಿಕೊಂಡು ಆರು ತಿಂಗಳ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ನೇತುಹಾಕಿರುವವರು ನಗರದಲ್ಲಿ ಬೇಕಾದಷ್ಟಿದ್ದಾರೆ. ಅವರ ಮಾತು ಹಿತವಾಗಿರಬಹುದು, ವರದಿ ಮಾತ್ರ ಎಲ್ಲಿಯೂ ನಡೆಯುವುದಿಲ್ಲ.

ನಾವಿರುವುದು ತಾಲ್ಲೂಕಿನಲ್ಲಿ. ಬೆಂಗಳೂರಿಗೇ ಹೋಗಬೇಕಾ?

ಮೊದಲ ಹೆಜ್ಜೆಗೆ ಬೇಡ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ತಪಾಸಣೆಗೆಂದು ಬರುವ ವೈದ್ಯರ ತಂಡ ಇದರದ್ದೇ. ಆ ತಂಡ ಮಗುವನ್ನು ಜಿಲ್ಲಾ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರೂ ಜಿಲ್ಲೆಯಲ್ಲಿ ಸಿಗುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರುತ್ತಾರೆ ಎಂದು ವಿಚಾರಿಸಿಕೊಂಡೇ ಹೋಗಿ, ಇಲ್ಲದಿದ್ದರೆ ಒಂದು ದಿನದ ಕೂಲಿ ಹೋಗುತ್ತದೆ. ಆಶಾ ಕಾರ್ಯಕರ್ತೆಗೆ ಈ ದಿನಗಳು ಸಾಮಾನ್ಯವಾಗಿ ಗೊತ್ತಿರುತ್ತವೆ.

ಫೋನಿನಲ್ಲಿ ಕೇಳಬೇಕೆಂದರೆ ಟೆಲಿ ಮಾನಸ್, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಫೋನಿನಲ್ಲಿ ಡಯಾಗ್ನೋಸಿಸ್ ಆಗುವುದಿಲ್ಲ, ಮುಂದೆ ಎಲ್ಲಿಗೆ ಹೋಗಬೇಕೆಂಬ ದಾರಿ ಸಿಗುತ್ತದೆ.

ಪ್ರಕರಣ ಜಟಿಲವಾಗಿದ್ದರೆ, ಅಥವಾ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರೆ ದೊಡ್ಡ ಸಂಸ್ಥೆಗೆ ಹೋಗುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಪ್ರತ್ಯೇಕವಾಗಿದೆ. ಅಗತ್ಯಬಿದ್ದರೆ ಮಗುವನ್ನು ಪೋಷಕರ ಜೊತೆಯಲ್ಲೇ ದಾಖಲು ಮಾಡಿಕೊಂಡು ಕೆಲವು ದಿನ ಗಮನಿಸುತ್ತಾರೆ. ಮಾತು, ಶ್ರವಣ, ಸಂವಹನದ ತೊಂದರೆ ಮುಖ್ಯವಾಗಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಜನರ ಬಾಯಲ್ಲಿ ಅದು "ಆಯಿಷ್". ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಇದೆ. ಎಲ್ಲಿಗೇ ಹೋದರೂ ಬೆಳಿಗ್ಗೆ ಬೇಗ ಹೋಗಿ, ಸಂಜೆಯವರೆಗೆ ಇರುವಂತೆ ತಯಾರಾಗಿ. ಮಗುವಿಗೆ ಇಷ್ಟವಾದ ತಿಂಡಿ ಮತ್ತು ಒಂದು ಆಟದ ಸಾಮಾನು ಚೀಲದಲ್ಲಿರಲಿ. ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಲು ಮನೆಯ ಇನ್ನೊಬ್ಬರು ಬಂದರೆ ಅರ್ಧ ಕಷ್ಟ ಕಡಿಮೆ.

ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ವರ್ತನೆಯ ತೊಂದರೆಗೆ ರಕ್ತ ಪರೀಕ್ಷೆಯಲ್ಲಿ, ಸ್ಕ್ಯಾನಿನಲ್ಲಿ ಹೆಸರು ಬರುವುದಿಲ್ಲ. ಎಡಿಎಚ್‌ಡಿಯನ್ನಾಗಲಿ ಆಟಿಸಂ ಅನ್ನಾಗಲಿ ತೋರಿಸುವ ರಕ್ತ ಪರೀಕ್ಷೆ ಇಲ್ಲ. ಡಯಾಗ್ನೋಸಿಸ್ ನಿಲ್ಲುವುದು ಮಗುವಿನ ಚರಿತ್ರೆಯ ಮೇಲೆ, ಮತ್ತು ಆ ಚರಿತ್ರೆ ಇರುವುದು ನಿಮ್ಮ ಬಳಿ. ನೀವು "ತುಂಬಾ ಹಠ ಮಾಡ್ತಾನೆ ಡಾಕ್ಟ್ರೇ" ಎಂದರೆ ಅವರಿಗೆ ಏನೂ ಸಿಗುವುದಿಲ್ಲ. "ನಿನ್ನೆ ಸ್ಕೂಲ್ ವ್ಯಾನ್ ಬೇರೆ ರಸ್ತೆಯಲ್ಲಿ ಹೋಯಿತು ಅಂತ ಮನೆಗೆ ಬಂದು ಮುಕ್ಕಾಲು ಗಂಟೆ ಅತ್ತ, ಊಟ ಮಾಡಲಿಲ್ಲ" ಎಂದರೆ ಬಹಳ ಸಿಗುತ್ತದೆ.

ಒಂದು ನೋಟ್‌ಬುಕ್ ಇಡಿ. ಎರಡು ವಾರ ಸಾಕು. ರಂಪ ಆದಾಗಲೆಲ್ಲ ನಾಲ್ಕು ಸಾಲು: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ನೀವು ಏನು ಮಾಡಿದಿರಿ, ಎಷ್ಟು ಹೊತ್ತಿಗೆ ತಣ್ಣಗಾಯಿತು. ಯಾವಾಗ ಮಲಗಿತು, ಎಷ್ಟಕ್ಕೆ ಎದ್ದಿತು ಎನ್ನುವುದೂ ಇರಲಿ. ಒಳ್ಳೆಯ ದಿನಗಳನ್ನೂ ಬರೆಯಿರಿ. ಭಾನುವಾರ, ರಜೆಯಲ್ಲಿ ಏನೂ ತೊಂದರೆ ಇಲ್ಲದೆ ಸೋಮವಾರ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಬರುತ್ತಿದೆ ಎನ್ನುವುದು ನೋಟ್‌ಬುಕ್ಕಿನಲ್ಲೇ ಕಣ್ಣಿಗೆ ಬೀಳುವುದು.

ಇದರ ಜೊತೆ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಲಸಿಕೆ ಕಾರ್ಡ್. ತಿಂಗಳು ತುಂಬಿ ಹುಟ್ಟಿತೇ, ಹುಟ್ಟಿದ ಕೂಡಲೇ ಅತ್ತಿತೇ, ಕಾಮಾಲೆ ಬಂದಿತ್ತೇ, ಫಿಟ್ಸ್ ಬಂದಿತ್ತೇ ಎಂದು ಕೇಳಿಯೇ ಕೇಳುತ್ತಾರೆ. ಮೊದಲ ಪದ ಯಾವಾಗ, ನಡೆದದ್ದು ಯಾವಾಗ ಎನ್ನುವುದು ನೆನಪಿಲ್ಲದಿದ್ದರೆ ಹಳೇ ಫೋನಿನ ವಿಡಿಯೊ ನೋಡಿ. ಮೊದಲ ಹುಟ್ಟುಹಬ್ಬದ ವಿಡಿಯೊದಲ್ಲಿ ಮಗು ಜನರ ಮುಖ ನೋಡುತ್ತಿತ್ತೇ, ಕೇಕಿನ ಮೇಲಿನ ದೀಪವನ್ನಷ್ಟೇ ನೋಡುತ್ತಿತ್ತೇ ಎನ್ನುವುದನ್ನು ಅನುಭವಿ ವೈದ್ಯರು ಬಹಳ ಆಸಕ್ತಿಯಿಂದ ನೋಡುತ್ತಾರೆ. ಶಾಲೆಯ ನೋಟ್‌ಬುಕ್ಕುಗಳಲ್ಲಿ ಎರಡು ಮೂರನ್ನು ತನ್ನಿ, ಅಂದವಾಗಿರುವುದನ್ನೇ ಆರಿಸಬೇಡಿ. ಹಳೇ ವರದಿಗಳು, ಈಗಾಗಲೇ ಕೊಡುತ್ತಿರುವ ಔಷಧಿಗಳು, ನಾಟಿ ಔಷಧಿಯೂ ಸೇರಿ. ತಾಯತ ಕಟ್ಟಿಸಿದ್ದರೆ ಅದನ್ನೂ ಮುಚ್ಚಿಡಬೇಕಿಲ್ಲ, ಅದಕ್ಕೆ ಯಾರೂ ಬೈಯುವುದಿಲ್ಲ. ಕುಡಿಸಿದ ಪುಡಿ, ಕಷಾಯಗಳನ್ನು ಮಾತ್ರ ಖಂಡಿತ ಹೇಳಿ.

ಮನೆಯಲ್ಲಿ ಮನೆ ತಲೆಕೆಳಗೆ ಮಾಡುವವನು ಡಾಕ್ಟರ ಮುಂದೆ ಬೊಂಬೆಯ ಹಾಗೆ ಕೂತಿದ್ದ. ನಮ್ಮನ್ನೇ ಸುಳ್ಳುಗಾರರು ಅಂದುಕೊಂಡಿರಬೇಕು!

ಹಾಗಂದುಕೊಂಡಿರಲಾರರು. ಹೊಸ ಜಾಗ, ಹೊಸ ಮುಖ, ಎದುರಿಗೆ ಒಬ್ಬರೇ ಕೂತು ಮಾತಾಡಿಸುತ್ತಿದ್ದಾರೆ ಎಂದಾಗ ಎಡಿಎಚ್‌ಡಿ ಇರುವ ಮಗುವೂ ಅರ್ಧ ಗಂಟೆ ಸುಮ್ಮನಿರುತ್ತದೆ. ಮನೆಯಲ್ಲಿ ನಡೆಯುವ ಒಂದೆರಡು ನಿಮಿಷದ ವಿಡಿಯೊ ತೋರಿಸಿ. ಮಗುವಿಗೆ ಅವಮಾನವಾಗದ ಹಾಗೆ ತೆಗೆಯಿರಿ, ಡಾಕ್ಟರಿಗೆ ಬಿಟ್ಟು ಬೇರೆಯವರಿಗೆ ಕಳಿಸಬೇಡಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗಂತೂ ಬೇಡವೇ ಬೇಡ.

ಹತ್ತು ನಿಮಿಷ ನೋಡಿ "ಆಟಿಸಂ" ಅಂದರು. ನಂಬಬಹುದಾ?

ನುರಿತವರಿಗೆ ಹತ್ತು ನಿಮಿಷದಲ್ಲಿ ಅನುಮಾನ ಬರಬಹುದು. ಅನುಮಾನವನ್ನು ನಿರ್ಧಾರ ಮಾಡಲು ಹತ್ತು ನಿಮಿಷ ಸಾಲದು. ಎಡಿಎಚ್‌ಡಿಯನ್ನೇ ತೆಗೆದುಕೊಳ್ಳಿ. ವೈದ್ಯರು ಬಳಸುವ ಮಾನದಂಡದ ಪ್ರಕಾರ ಲಕ್ಷಣಗಳು ಆರು ತಿಂಗಳಾದರೂ ಇರಬೇಕು, 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರಬೇಕು, ಮನೆ-ಶಾಲೆ ಹೀಗೆ ಎರಡು ಕಡೆಯಾದರೂ ಇರಬೇಕು, ಬೇರೆ ತೊಂದರೆಯಿಂದ ಬಂದದ್ದಲ್ಲ ಎಂದು ಖಾತ್ರಿಯಾಗಬೇಕು. ಶಾಲೆಯ ಮಾತನ್ನೇ ಕೇಳದೆ ಇದನ್ನು ಹೇಳಲು ಹೇಗೆ ಸಾಧ್ಯ? ಆಟಿಸಂಗೆ ನಮ್ಮ ದೇಶದಲ್ಲಿ ಐಎಸ್‌ಎಎ ಎಂಬ 40 ಅಂಶಗಳ ಮಾಪಕ ಬಳಕೆಯಲ್ಲಿದೆ. ಮಗುವನ್ನು ಗಮನಿಸಿ, ಪೋಷಕರನ್ನು ಕೇಳಿ ಅಂಕ ಕೊಡುತ್ತಾರೆ.

16 ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಎನ್ನುವ 20 ಪ್ರಶ್ನೆಗಳ ಪಟ್ಟಿಯಿದೆ, ಇಂಟರ್‌ನೆಟ್ಟಿನಲ್ಲೂ ಸಿಗುತ್ತದೆ. ಅದು ಜರಡಿ ಹಿಡಿಯುವ ಕೆಲಸವಷ್ಟೇ ಮಾಡುತ್ತದೆ. ಅದರಲ್ಲಿ ಅಂಕ ಹೆಚ್ಚು ಬಂದ ಮಕ್ಕಳೆಲ್ಲರಿಗೂ ಆಟಿಸಂ ಇರುವುದಿಲ್ಲ.

ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಯಾವ ಆಧಾರದ ಮೇಲೆ ಹೇಳುತ್ತಿದ್ದೀರಿ, ಬೇರೆ ಏನೇನು ಇರಬಹುದು ಅಂತ ನೋಡಿದ್ದೀರಿ?" ಒಳ್ಳೆಯ ವೈದ್ಯರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

ಏನೇನು ಪರೀಕ್ಷೆ ಬರೆದುಕೊಡುತ್ತಾರೆ? ಎಲ್ಲವೂ ಬೇಕಾ?

ಕಿವಿ ಪರೀಕ್ಷೆ ಬೇಕು. ಮಾತು ತಡವಾದ ಮಗುವಿಗಂತೂ ಇದನ್ನು ಬಿಡಲೇಬಾರದು. "ಟಿವಿ ಶಬ್ದಕ್ಕೆ ಓಡಿಬರುತ್ತಾನಲ್ಲ, ಕಿವಿ ಸರಿಯಾಗಿದೆ" ಎನ್ನುವುದು ಪರೀಕ್ಷೆಯಲ್ಲ. ಕೆಲವು ಸ್ವರಗಳಷ್ಟೇ ಕೇಳದ ಮಕ್ಕಳಿದ್ದಾರೆ. ಪದೇ ಪದೇ ನೆಗಡಿಯಾಗಿ ಕಿವಿಯ ಒಳಗೆ ನೀರು ನಿಂತು ಕೇಳುವಿಕೆ ಮಂದವಾದವರೂ ಇದ್ದಾರೆ. ಸಣ್ಣ ಮಕ್ಕಳಿಗೆ ನಿದ್ದೆ ಬರಿಸಿ, ಶಬ್ದಕ್ಕೆ ಮೆದುಳು ಸ್ಪಂದಿಸುತ್ತದೆಯೇ ಎಂದು ನೋಡುವ ಬೆರಾ ಟೆಸ್ಟ್ ಮಾಡುತ್ತಾರೆ, ನೋವಾಗುವುದಿಲ್ಲ. ಕಣ್ಣಿನ ಪರೀಕ್ಷೆಯೂ ಆಗಲಿ.

ರಕ್ತದಲ್ಲಿ ಹಿಮೋಗ್ಲೋಬಿನ್, ಕಬ್ಬಿಣದ ಅಂಶ, ಥೈರಾಯ್ಡ್ ನೋಡುವುದುಂಟು. ರಾತ್ರಿ ಗೊರಕೆ ಹೊಡೆಯುವ, ಬಾಯಲ್ಲಿ ಉಸಿರಾಡುವ ಮಗುವಾದರೆ ಅದನ್ನು ತಪ್ಪದೆ ಹೇಳಿ. ಮೂಗಿನ ಹಿಂದಿನ ಗಡ್ಡೆ ಊದಿ ನಿದ್ದೆ ಕೆಟ್ಟು, ಹಗಲೆಲ್ಲ ಸಿಡುಕುವ, ಗಮನವಿಲ್ಲದ ಮಕ್ಕಳನ್ನು ಎಡಿಎಚ್‌ಡಿ ಎಂದುಕೊಳ್ಳುವುದು ಸುಲಭ.

ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಎಲ್ಲರಿಗೂ ಬೇಡ. ಮಗು ಮಾತಾಡುತ್ತಾ ಮಾತಾಡುತ್ತಾ ಕೆಲವು ಸೆಕೆಂಡು ಶೂನ್ಯದಲ್ಲಿ ನೋಡಿ, ಕರೆದರೂ ಕೇಳದೆ, ಮತ್ತೆ ಏನೂ ಆಗದವರಂತೆ ಮುಂದುವರಿಸುವುದು ದಿನಕ್ಕೆ ಹಲವು ಸಲ ಆಗುತ್ತಿದ್ದರೆ ಬೇಕು. ಅದು ಕೈಕಾಲು ಅದುರದ ಒಂದು ಬಗೆಯ ಮೂರ್ಛೆ ಇರಬಹುದು, ಮಗು ಮಾತ್ರ ಕ್ಲಾಸಿನಲ್ಲಿ "ಹಗಲುಗನಸು ಕಾಣುತ್ತಾನೆ" ಎಂದು ಬೈಸಿಕೊಳ್ಳುತ್ತಿರುತ್ತದೆ. ಎಂಆರ್‌ಐ ಇನ್ನೂ ಕಡಿಮೆ ಮಕ್ಕಳಿಗೆ ಬೇಕಾಗುವುದು. ಫಿಟ್ಸ್, ಬೆಳವಣಿಗೆ ಹಿಂದಕ್ಕೆ ಹೋಗುವುದು, ಪರೀಕ್ಷೆಯಲ್ಲಿ ನರದ ತೊಂದರೆ ಕಾಣುವುದು ಇಂಥ ಕಾರಣವಿದ್ದರೆ ಬರೆಯುತ್ತಾರೆ. ಬರೀ ಹಠಕ್ಕೆ ಎಂಆರ್‌ಐ ಬರೆದರೆ ಯಾಕೆ ಎಂದು ಕೇಳಿ.

ಐಕ್ಯೂ ಟೆಸ್ಟಿನಲ್ಲಿ 72 ಬಂತು. ನಮ್ಮ ಮಗಳು ದಡ್ಡಿ ಅಂತಲಾ?

ಮೊದಲು ಕೇಳಬೇಕಾದದ್ದು: ಟೆಸ್ಟ್ ಯಾವ ಭಾಷೆಯಲ್ಲಿ ಮಾಡಿದರು? ಅವತ್ತು ಮಗಳು ಹೇಗಿದ್ದಳು? ಬಳ್ಳಾರಿಯ ಹಳ್ಳಿಯಿಂದ ರಾತ್ರಿ ಬಸ್ಸಿನಲ್ಲಿ ಬಂದು, ತಿಂಡಿ ತಿನ್ನದೆ, ಅರ್ಥವಾಗದ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿಸಿಕೊಂಡ ಮಗುವಿನ ಅಂಕಕ್ಕೆ ಬೆಲೆ ಕಡಿಮೆ. ಕನ್ನಡದಲ್ಲಿ ಪರೀಕ್ಷೆ ಮಾಡುವುದು ಹೊಸದೇನೂ ಅಲ್ಲ. ಇಂದಿಗೂ ಬಳಸುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ. ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ರೂಪಿಸಿದ್ದರು. ಕೇಳಿ, ನಿಮ್ಮ ಮಗು ಮಾತಾಡುವ ಭಾಷೆಯಲ್ಲೇ ಮಾಡಿಸಿ.

ಒಂದು ಸಂಖ್ಯೆಯಿಂದ ಬುದ್ಧಿ ನಿರ್ಧಾರವಾಗುವುದೂ ಇಲ್ಲ. ಬೌದ್ಧಿಕ ಹಿನ್ನಡೆ ಎನ್ನಬೇಕಾದರೆ ದಿನನಿತ್ಯದ ಕೆಲಸಗಳನ್ನೂ ನೋಡಬೇಕು: ಸ್ನಾನ, ಊಟ, ಅಂಗಡಿಗೆ ಹೋಗಿ ಬರುವುದು, ಚಿಲ್ಲರೆ ಎಣಿಸುವುದು. ಅದಕ್ಕೇ ಬೇರೆ ಮಾಪಕವಿದೆ. ಅಂಕದ ಜೊತೆ ವಿವರಣೆ ಇಲ್ಲದ ವರದಿಯನ್ನು ಹಾಗೇ ತೆಗೆದುಕೊಂಡು ಬರಬೇಡಿ, ಕೂತು ಅರ್ಥ ಹೇಳಿಸಿಕೊಳ್ಳಿ.

ಒಬ್ಬರು ಎಡಿಎಚ್‌ಡಿ ಅಂದರು, ಇನ್ನೊಬ್ಬರು ಆಟಿಸಂ, ಮೂರನೆಯವರು "ಏನೂ ಇಲ್ಲ, ಮುದ್ದು ಜಾಸ್ತಿಯಾಗಿದೆ" ಅಂದರು. ಯಾರನ್ನು ನಂಬಲಿ?

ಮೂವರೂ ಬೇರೆ ಬೇರೆ ಹೇಳಿದರು ಎಂದ ಮಾತ್ರಕ್ಕೆ ಯಾರೋ ಸುಳ್ಳು ಹೇಳಿದರು ಎಂದಲ್ಲ. ಇದಕ್ಕೆ ನಿಜವಾದ ಕಾರಣಗಳಿವೆ.

ಮೊದಲನೆಯದು, ಈ ತೊಂದರೆಗಳು ಒಂಟಿಯಾಗಿ ಬರುವುದು ಕಡಿಮೆ. ಎಡಿಎಚ್‌ಡಿ ಮತ್ತು ಆಟಿಸಂ ಒಂದೇ ಮಗುವಿನಲ್ಲಿ ಇರಬಹುದು. 2013ಕ್ಕೆ ಮುಂಚಿನ ಅಮೆರಿಕನ್ ಮಾನದಂಡದಲ್ಲಿ ಎರಡನ್ನೂ ಒಟ್ಟಿಗೆ ಬರೆಯಲು ಅವಕಾಶವಿರಲಿಲ್ಲ, ಈಗ ಇದೆ. ಎಡಿಎಚ್‌ಡಿ ಇರುವ ಬಹಳ ಮಕ್ಕಳಿಗೆ ಓದು-ಬರಹದ ತೊಂದರೆಯೋ ಆತಂಕವೋ ಜೊತೆಗಿರುತ್ತದೆ. ಯಾರು ಯಾವ ಬಾಗಿಲಿನಿಂದ ಒಳಗೆ ನೋಡಿದರೋ ಅವರಿಗೆ ಅದು ಮೊದಲು ಕಂಡಿರುತ್ತದೆ.

ಎರಡನೆಯದು, ಮಗು ಬೆಳೆಯುತ್ತದೆ. ಮೂರು ವರ್ಷದಲ್ಲಿ "ಬೆಳವಣಿಗೆ ನಿಧಾನ" ಎಂದು ಬರೆದದ್ದು ಆರು ವರ್ಷಕ್ಕೆ ಬೇರೆ ಸ್ಪಷ್ಟ ಹೆಸರು ಪಡೆಯಬಹುದು. ಓದು-ಬರಹದ ತೊಂದರೆಯನ್ನು ಯುಕೆಜಿಯಲ್ಲಿ ಖಚಿತವಾಗಿ ಹೇಳಲು ಆಗುವುದಿಲ್ಲ. ಓದಲು ಕಲಿಸಿದ ಮೇಲಷ್ಟೇ ಕಲಿಯಲಾಗುತ್ತಿಲ್ಲ ಎನ್ನಬಹುದು, ಸಾಮಾನ್ಯವಾಗಿ ಎಂಟು ವರ್ಷದ ಹೊತ್ತಿಗೆ.

ಮೂರನೆಯದು ನಾವು. ಒಬ್ಬರ ಹತ್ತಿರ ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಹೇಳುವುದಿಲ್ಲ. ಎರಡನೇ ಡಾಕ್ಟರು ಏನು ಹೇಳುತ್ತಾರೋ ನೋಡೋಣ ಎಂದು ಮೊದಲ ವರದಿಯನ್ನು ಬಚ್ಚಿಡುವವರಿದ್ದಾರೆ. ಇದು ವೈದ್ಯರ ಪರೀಕ್ಷೆಯಲ್ಲ. ಎಲ್ಲ ಕಾಗದಗಳನ್ನೂ ಮುಂದಿಡಿ, "ಇವರು ಹೀಗಂದಿದ್ದಾರೆ, ನಿಮಗೆ ಒಪ್ಪಿಗೆಯೇ, ಇಲ್ಲವಾದರೆ ಯಾಕೆ?" ಎಂದು ಕೇಳಿ. ಎರಡನೇ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು. ನಾಲ್ಕನೆಯದು, ಐದನೆಯದು ಪಡೆಯುತ್ತಾ ಹೋದರೆ ಮಗುವಿನ ವರ್ಷಗಳು ಓಪಿಡಿಯಲ್ಲೇ ಕಳೆಯುತ್ತವೆ. ಒಂದು ತಂಡವನ್ನು ಆರಿಸಿ ಅಲ್ಲೇ ನಿಲ್ಲಿ, ವರ್ಷಕ್ಕೊಮ್ಮೆ ಮರುಪರಿಶೀಲನೆ ಮಾಡಿಸಿ.

"ಮುದ್ದು ಜಾಸ್ತಿ" ಎಂದವರ ಬಗ್ಗೆ: ಆಟಿಸಂ ಆಗಲಿ ಎಡಿಎಚ್‌ಡಿ ಆಗಲಿ ಸಾಕಿದ ರೀತಿಯಿಂದ ಬರುವುದಿಲ್ಲ. ಆದರೆ ನಾವು ನಡೆದುಕೊಳ್ಳುವ ರೀತಿಯಿಂದ ರಂಪ ಹೆಚ್ಚಬಹುದು, ಕಡಿಮೆಯೂ ಆಗಬಹುದು.

ಚೆನ್ನಾಗಿದ್ದ ಮಗಳು ಎರಡು ತಿಂಗಳಿಂದ ಪೂರ್ತಿ ಬದಲಾಗಿದ್ದಾಳೆ. ಸಿಡುಕು, ರಾತ್ರಿ ಹಾಸಿಗೆ ಒದ್ದೆ, ಒಬ್ಬಳೇ ಇರಲು ಭಯ.

ಇದನ್ನು ಬೇರೆಯಾಗಿಯೇ ನೋಡಬೇಕು. ಹುಟ್ಟಿನಿಂದ ಬಂದ ಸ್ವಭಾವ ಹೀಗೆ ದಿಢೀರನೆ ಶುರುವಾಗುವುದಿಲ್ಲ. ಏನೋ ಆಗಿದೆ: ಶಾಲೆಯಲ್ಲಿ ಹೊಡೆತ, ಗೇಲಿ, ಮನೆಯಲ್ಲಿ ಸಾವು, ಜಗಳ, ಕೆಲವೊಮ್ಮೆ ಲೈಂಗಿಕ ದೌರ್ಜನ್ಯ. ಗದರಿಸಿ ಕೇಳಬೇಡಿ, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಬೇಡಿ. ಮಗು ಹೇಳಿದರೆ ನಂಬಿ. ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ 2012ರ ಪೋಕ್ಸೋ ಕಾಯ್ದೆಯಡಿ ದೂರು ಕೊಡಬೇಕು, ಹಾಗೆ ಬಂದ ಮಗುವಿಗೆ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಜ್ವರ, ತಲೆನೋವು, ವಾಂತಿ, ನಡಿಗೆಯಲ್ಲಿ ಬದಲಾವಣೆ ಜೊತೆಗಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಸಾಯುತ್ತೇನೆ ಎನ್ನುವ ಮಾತು ಬಂದರೂ ಅಷ್ಟೇ. "ಸುಮ್ಮನೆ ಹೆದರಿಸುತ್ತಾಳೆ" ಎನ್ನಬೇಡಿ.

ಹೆಣ್ಣುಮಕ್ಕಳಿಗೆ ಇದೆಲ್ಲ ಇರುತ್ತದೆಯೇ?

ಇರುತ್ತದೆ, ಕಾಣುವುದು ತಡ. ಓಡಾಡಿ ಗಲಾಟೆ ಮಾಡುವ ಹುಡುಗನ ಬಗ್ಗೆ ಮೊದಲ ತಿಂಗಳೇ ದೂರು ಬರುತ್ತದೆ. ಕಿಟಕಿಯ ಹೊರಗೆ ನೋಡುತ್ತಾ ಸುಮ್ಮನೆ ಕೂತ ಹುಡುಗಿಯ ಬಗ್ಗೆ ಯಾರೂ ದೂರುವುದಿಲ್ಲ, "ಒಳ್ಳೆ ಹುಡುಗಿ, ಓದಿನಲ್ಲಿ ಸ್ವಲ್ಪ ಹಿಂದೆ" ಎನ್ನುತ್ತಾರೆ.

ಮೊಬೈಲ್ ನೋಡಿದ್ದರಿಂದ "ವರ್ಚುವಲ್ ಆಟಿಸಂ" ಬಂದಿದೆ ಎಂದು ಯೂಟ್ಯೂಬಿನಲ್ಲಿ ನೋಡಿದೆವು.

ವೈದ್ಯಕೀಯ ಮಾನದಂಡಗಳಲ್ಲಿ ಅಂಥ ಕಾಯಿಲೆಯ ಹೆಸರಿಲ್ಲ. ದಿನವಿಡೀ ಫೋನ್ ನೋಡುವ ಪುಟ್ಟ ಮಗುವಿನ ಮಾತು ಹಿಂದುಳಿಯಬಹುದು, ಫೋನ್ ಬಿಡಿಸಿ ಮಾತಾಡಿಸಿದಾಗ ಸುಧಾರಿಸಲೂಬಹುದು. ಎರಡು ವರ್ಷದೊಳಗೆ ಪರದೆಯೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. ಫೋನ್ ಕಡಿಮೆ ಮಾಡಿ, ಖಂಡಿತ. ಆದರೆ ಫೋನ್ ಬಿಡಿಸಿದ್ದೇವಲ್ಲ, ಇನ್ನು ಸರಿಹೋಗುತ್ತದೆ ಎಂದು ತಪಾಸಣೆ ಮುಂದೂಡಬೇಡಿ. ಆಟಿಸಂ ಇರುವ ಮಗುವೇ ಪರದೆಗೆ ಹೆಚ್ಚು ಅಂಟಿಕೊಳ್ಳುವುದೂ ಉಂಟು.

ಥೆರಪಿಸ್ಟ್ ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ, ಕನ್ನಡ ಬಿಡಿ ಅಂದರು.

ಬಿಡಬೇಡಿ. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಆಟಿಸಂ ಇರುವ ಮಕ್ಕಳಿಗೆ ಅದರಿಂದ ಹಾನಿಯಾಗುತ್ತದೆ ಎಂದು ಅಧ್ಯಯನಗಳಲ್ಲಿ ಕಂಡಿಲ್ಲ. ಅಜ್ಜ ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲರೂ ಕನ್ನಡದಲ್ಲೇ ಇರುವಾಗ ಮಗುವಿನಿಂದ ಆ ಭಾಷೆ ಕಿತ್ತುಕೊಂಡರೆ ಅದರ ಜೊತೆ ಮಾತಾಡಲು ಉಳಿಯುವವರೇ ಇಬ್ಬರು. ಅಪ್ಪ ಅಮ್ಮನ ಹರುಕು ಮುರುಕು ಇಂಗ್ಲಿಷಿಗಿಂತ ಅವರ ಸಲೀಸಾದ ಕನ್ನಡವೋ ತುಳುವೋ ಉರ್ದುವೋ ಕೊಂಕಣಿಯೋ ಮೇಲು. ಕನ್ನಡದಲ್ಲಿ ಸ್ಪೀಚ್ ಥೆರಪಿ ಮಾಡುವವರು ಸಿಗುತ್ತಾರೆ.

ಮಾತ್ರೆ ಕೊಟ್ಟರೆ ಜೀವನಪೂರ್ತಿ ತಿನ್ನಬೇಕಾಗುತ್ತದಾ? ಮಂಕಾಗಿಬಿಡುತ್ತಾನಾ?

ಆಟಿಸಂ ಅನ್ನು ಹೋಗಲಾಡಿಸುವ ಮಾತ್ರೆ ಇಲ್ಲ. ಜೊತೆಗಿರುವ ವಿಪರೀತ ಸಿಟ್ಟು, ನಿದ್ದೆಗೇಡು, ಫಿಟ್ಸ್ ಇವುಗಳಿಗೆ ಕೊಡುತ್ತಾರೆ. ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್, ಅಟಮಾಕ್ಸೆಟಿನ್ ಬಳಸುತ್ತಾರೆ. ಶಾಲೆಗೆ ಹೋಗುವ ಮೊದಲಿನ ವಯಸ್ಸಿನಲ್ಲಿ ಪೋಷಕರ ತರಬೇತಿಯೇ ಮೊದಲ ಚಿಕಿತ್ಸೆ, ಸಾಮಾನ್ಯವಾಗಿ ಆರು ವರ್ಷದ ನಂತರವೇ ಮಾತ್ರೆಯ ಮಾತು. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಮೀಥೈಲ್‌ಫೆನಿಡೇಟ್‌ನ ಸಾಮಾನ್ಯ ಅಡ್ಡಪರಿಣಾಮ, ಅದಕ್ಕೇ ತೂಕ, ಎತ್ತರ, ರಕ್ತದೊತ್ತಡ ನೋಡುತ್ತಿರುತ್ತಾರೆ. ಮಗು ಮಂಕಾದರೆ ಪ್ರಮಾಣ ಹೆಚ್ಚಾಗಿರಬಹುದು, ವೈದ್ಯರಿಗೆ ಹೇಳಿ. ಮೀಥೈಲ್‌ಫೆನಿಡೇಟ್ ನಿಯಂತ್ರಿತ ಔಷಧಿಯಾದ್ದರಿಂದ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ, ಚೀಟಿ ಇಲ್ಲದೆ ಕೊಡುವಂತೆಯೂ ಇಲ್ಲ. ಮುಗಿಯುವ ಹಿಂದಿನ ದಿನ ಹುಡುಕಲು ಹೊರಡಬೇಡಿ.

ಕಾಗದದಲ್ಲಿ ಹೆಸರು ಬಂದರೆ ಶಾಲೆಯಲ್ಲಿ, ಮುಂದೆ ಮದುವೆಗೆ ತೊಂದರೆಯಾಗುವುದಿಲ್ಲವೇ?

ಡಯಾಗ್ನೋಸಿಸ್ ಬೇರೆ, ಅಂಗವಿಕಲತೆಯ ಪ್ರಮಾಣಪತ್ರ ಬೇರೆ. ಮೊದಲನೆಯದು ನಿಮ್ಮ ಮತ್ತು ವೈದ್ಯರ ನಡುವಿನದು, 2017ರ ಮಾನಸಿಕ ಆರೋಗ್ಯ ಕಾಯ್ದೆ ಅದನ್ನು ಗೋಪ್ಯವಾಗಿಡಬೇಕು ಎನ್ನುತ್ತದೆ. ಎರಡನೆಯದನ್ನು ನೀವು ಅರ್ಜಿ ಹಾಕಿದರೆ ಮಾತ್ರ ಕೊಡುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ (ಓದು-ಬರಹದ ತೊಂದರೆ) ಸೇರಿವೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಆ ಪಟ್ಟಿಯಲ್ಲಿಲ್ಲ. ಬಹಳ ಪೋಷಕರಿಗೆ ಇದು ಗೊತ್ತಾಗುವುದು ಪರೀಕ್ಷೆಯ ವರ್ಷದಲ್ಲಿ. ಮೀಸಲಾತಿಯಂಥ ಹೆಚ್ಚಿನ ಸೌಲಭ್ಯಗಳಿಗೆ ವೈಕಲ್ಯ 40 ಶೇಕಡ ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣೀಕರಿಸಿರಬೇಕು. ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಬೇಕಾದರೆ ಕಾಗದಗಳನ್ನು ಒಂಬತ್ತನೇ ತರಗತಿಯಲ್ಲೇ ಸಿದ್ಧ ಮಾಡಿಕೊಳ್ಳಿ. ಆಟಿಸಂ, ಬೌದ್ಧಿಕ ವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ.

ಮದುವೆಯ ಚಿಂತೆಗೆ ಉತ್ತರ ನನ್ನಲ್ಲಿಲ್ಲ. ಐದು ವರ್ಷದ ಮಗುವಿನ ಬಗ್ಗೆ ಅದನ್ನು ಕೇಳುವ ನೆಂಟರಿಗೆ ಕೊಡಬೇಕಾದ ಉತ್ತರ ಬೇರೆಯೇ ಇದೆ, ಇಲ್ಲಿ ಬರೆಯುವಂಥದ್ದಲ್ಲ.

ಶಾಲೆಯವರು ಟಿಸಿ ತೆಗೆದುಕೊಂಡು ಹೋಗಿ ಅನ್ನುತ್ತಿದ್ದಾರೆ.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಮಾತ್ರ ಈ ಕಾಯ್ದೆ ಅನ್ವಯವಾಗುವುದಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿದರೆ ಅರ್ಧ ಶಾಲೆಗಳು ಅಲ್ಲಿಗೇ ಸುಮ್ಮನಾಗುತ್ತವೆ. ಇಲ್ಲದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಆಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ.

ಸ್ಟೆಮ್ ಸೆಲ್ ಮಾಡಿಸಿದರೆ ಆಟಿಸಂ ಪೂರ್ತಿ ಗುಣವಾಗುತ್ತದಂತೆ?

ಇಲ್ಲ. ಆಟಿಸಂಗೆ ಇದನ್ನು ಚಿಕಿತ್ಸೆಯೆಂದು ಕೊಡಬಾರದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಜಮೀನು ಅಡವಿಟ್ಟು ಹೋಗುವ ಮೊದಲು ದಯವಿಟ್ಟು ನಿಮ್ಮ ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿ.

ನಾವು ಅಮೆರಿಕದಲ್ಲಿದ್ದೇವೆ. ರಜೆಗೆ ಬಂದಾಗ ಬೆಂಗಳೂರಿನಲ್ಲಿ ತೋರಿಸಿದರೆ ಸಾಕಾ?

ಅಭಿಪ್ರಾಯಕ್ಕೆ ಸಾಕು, ಸೌಲಭ್ಯಕ್ಕೆ ಸಾಲದು. ಅಲ್ಲಿ ಮೂರು ವರ್ಷ ತುಂಬಿದ ಮಗುವಿನ ತಪಾಸಣೆಯನ್ನು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಉಚಿತವಾಗಿ ಮಾಡಬೇಕೆಂಬ ಕಾನೂನಿದೆ. ವಿನಂತಿಯನ್ನು ಲಿಖಿತವಾಗಿ ಕೊಡಿ. ಮೂರು ತುಂಬದಿದ್ದರೆ ರಾಜ್ಯದ ಅರ್ಲಿ ಇಂಟರ್ವೆನ್ಷನ್ ಕಾರ್ಯಕ್ರಮ. ಮನೆಯಲ್ಲಿ ಕನ್ನಡ ಮಾತಾಡುತ್ತೀರೆಂದು ಹೇಳಿ, ಎರಡೂ ಭಾಷೆಯಲ್ಲಿ ಮಗುವಿಗೆ ಏನು ಬರುತ್ತದೆ ಎನ್ನುವುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಯಜಮಾನರು ಒಪ್ಪುತ್ತಿಲ್ಲ. "ನನ್ನ ಮಗ ಹುಚ್ಚನಲ್ಲ" ಅನ್ನುತ್ತಾರೆ.

ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ಕಿವಿ ಪರೀಕ್ಷೆಗೆ ಒಪ್ಪಿಸಿ, ಅದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಪಿಟಿಎಂಗೆ ಅವರನ್ನೇ ಕಳಿಸಿ. ಒಂದು ಇಡೀ ಭಾನುವಾರ ಮಗುವನ್ನು ಅವರ ಸುಪರ್ದಿಗೆ ಬಿಟ್ಟು ನೀವು ತವರಿಗೆ ಹೋಗಿಬನ್ನಿ. ತಮಾಷೆಗೆ ಹೇಳುತ್ತಿಲ್ಲ, ಎಷ್ಟೋ ಮನೆಗಳಲ್ಲಿ ಆ ಭಾನುವಾರ ಸಂಜೆಯೇ ಒಪ್ಪಿಗೆ ಸಿಕ್ಕಿದೆ.

ಅಪಾಯಿಂಟ್‌ಮೆಂಟ್ ಎರಡು ತಿಂಗಳ ನಂತರ. ಅಲ್ಲಿಯವರೆಗೆ ಏನು ಮಾಡಲಿ?

ಹೆಸರು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮಾತು ತಡವಾಗಿದ್ದರೆ ಸ್ಪೀಚ್ ಥೆರಪಿ ಇವತ್ತೇ ಶುರುಮಾಡಬಹುದು, ಅದಕ್ಕೆ ಡಯಾಗ್ನೋಸಿಸ್ ಬೇಕಾಗಿಲ್ಲ. ಮಲಗುವ ಸಮಯ ದಿನಾ ಒಂದೇ ಇರಲಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಹತ್ತಿರ ಹೋಗಿ, ಮುಖ ನೋಡಿ, ಚಿಕ್ಕ ವಾಕ್ಯದಲ್ಲಿ. ಅಡುಗೆಮನೆಯಿಂದ ಕೂಗಿ ಹೇಳಿದ್ದು ಇಂಥ ಮಕ್ಕಳಿಗೆ ತಲುಪುವುದೇ ಇಲ್ಲ. ಮುಂದೇನು ನಡೆಯಲಿದೆ ಎಂದು ಮೊದಲೇ ತಿಳಿಸಿ: "ಇನ್ನೆರಡು ಸಲ ಜಾರುಬಂಡೆ, ಆಮೇಲೆ ಮನೆಗೆ." ಸರಿಯಾಗಿ ಮಾಡಿದ್ದನ್ನು ಅದೇ ಕ್ಷಣ ಹೆಸರಿಸಿ ಹೊಗಳಿ: "ಚಪ್ಪಲಿ ಜಾಗದಲ್ಲಿಟ್ಟೆಯಲ್ಲ, ಜಾಣ." ರಂಪದ ನಡುವೆ ಬುದ್ಧಿ ಹೇಳಬೇಡಿ, ಪೆಟ್ಟಾಗದಂತೆ ನೋಡಿಕೊಂಡು ಪಕ್ಕದಲ್ಲಿ ಸುಮ್ಮನಿರಿ. ಹೊಡೆದರೆ ಆ ಕ್ಷಣಕ್ಕೆ ನಿಲ್ಲುತ್ತದೆ, ಮುಂದಿನ ವಾರ ಮಗು ತಂಗಿಗೆ ಹೊಡೆಯುತ್ತದೆ.

ಯಾವುದರಿಂದ ಉಪಯೋಗವಾಯಿತು, ಯಾವುದರಿಂದ ಆಗಲಿಲ್ಲ ಎನ್ನುವುದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಎರಡು ತಿಂಗಳ ನಂತರ ಡಾಕ್ಟರು ಕೇಳುವ ಮೊದಲ ಹತ್ತು ಪ್ರಶ್ನೆಗಳಲ್ಲಿ ಇದೂ ಒಂದಾಗಿರುತ್ತದೆ.